ಮಾಮಾರ ಪ್ಲಾಟು, ನಾಲ್ಕು ಹದಿನೈದನೇ ತಾರೀಖು: ಒಂದು ಅಡ್ವಾನ್ಸ್ ಟ್ಯಾಕ್ಸ್ ಪ್ರಕರಣ

2024ರ ಡಿಸೆಂಬರ್ 10, ಮಂಗಳವಾರ ರಾತ್ರಿ, ಊಟಕ್ಕ ಕುಂತಾಗ ಮಾಮಾರ ಫೋನ್ ಬಂತು. "ಅಳ್ಯಾ, ಧಾರವಾಡದ ಪ್ಲಾಟ್ ಕೊಟ್ನೆಲ್ಲ, ಅದಕ್ಕ ಏನರೆ ಟ್ಯಾಕ್ಸ್ ಬರ್ತದೇನು? ನಮ್ಮ ವಾಕಿಂಗ್ ಮಂದಿ 50 ಲಕ್ಷದ ಒಳಗ ಇದ್ರ ಏನೂ ಇಲ್ಲ ಅಂತಾರ." ನನ್ನ ಕೈಯಾಗಿನ ಭಕ್ರಿ ಕೈಯಾಗ ಉಳೀತು. ನಾ ಪುಣೆ ಕರ್ವೆ ರೋಡಿನ ಒಂದು ಸಿಎ ಆಫೀಸಿನ್ಯಾಗ ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡ್ಕೋತ ಬಂದೀನಿ, ಆ ಪ್ಲಾಟ್ ಮಾರಿದ ಖುಷಿಗೆ ಮಾಮಾ ತಂದ ಪೇಢೆ ತಿಂದೀನಿ, ಡಬ್ಬಿ ಮನೀಗೂ ತಂದೀನಿ, ಆದ್ರ ಟ್ಯಾಕ್ಸ್ ಏನ್ ಮಾಡಿದ್ರಿ ಅಂತ ಒಂದ್ ಮಾತು ಕೇಳಿದ್ದಿಲ್ಲ. ಅಂದ್ರ ಈ ಕೇಸಿನ್ಯಾಗ ತಪ್ಪು ನಂದೂ ಅದ, ಮೊದಲ ಹೇಳಿಬಿಡ್ತೀನಿ.

ಮಾಮಾರ ಹಿನ್ನೆಲೆ ಇಷ್ಟು. ಭೋಸರಿ ಎಂಐಡಿಸಿ ಒಳಗ ಒಂದು ಕಂಪನಿಯಾಗ ಮೂವತ್ತು ವರ್ಷ ನೌಕರಿ, 2023ರ ಅಕ್ಟೋಬರ್‌ದಾಗ ವಿಆರ್‌ಎಸ್ (ತಾವಾಗೇ ತಗೊಳ್ಳೋ ನಿವೃತ್ತಿ). ಸಿಂಹಗಡ ರೋಡಿಗೆ ಸ್ವಂತ ಫ್ಲಾಟ್, ಬಾಡಿಗಿಗೆ ಕೊಟ್ಟ ಫ್ಲಾಟ್ ಎರಡು, ಒಂದು ವಾಕಡ್‌ದಾಗ 38,000ಕ್ಕ, ಇನ್ನೊಂದು ಬಾಣೇರ್‌ದಾಗ 34,000ಕ್ಕ. ವಿಆರ್‌ಎಸ್ ಮತ್ತ ಪಿಎಫ್ ದುಡ್ಡಿನ್ಯಾಗ 80 ಲಕ್ಷ ಬ್ಯಾಂಕ್ ಎಫ್‌ಡಿ, 30 ಲಕ್ಷ ಸೀನಿಯರ್ ಸಿಟಿಜನ್ ಸೇವಿಂಗ್ಸ್ ಸ್ಕೀಮ್ (60 ಆಗದಿದ್ರೂ, ರಿಟೈರ್ ಆಗಿ 55 ದಾಟಿದವರಿಗೆ ಅದು ಸಿಗ್ತದ, 8.2 ಪರ್ಸೆಂಟ್, ಮೂರ್ ತಿಂಗಳಿಗೊಮ್ಮೆ 61,500 ಖಾತೆಗೆ ಬೀಳ್ತದ). ಲೆಕ್ಕದಾಗ ಚೊಕ್ಕ ಮನುಷ್ಯ. ಹಾಲಿನ ಲೆಕ್ಕ ಸುದ್ದಾ ಡೈರಿಯಾಗ ಬರೀತಾರ.

ಅಂಥಾ ಮನುಷ್ಯ ಹ್ಯಾಂಗ ಎಡವಿದ್ರು ಅಂದ್ರ, ಮೂವತ್ತು ವರ್ಷ ಅವರ ಟ್ಯಾಕ್ಸ್ ಕಂಪನಿಯವ್ರ ಕಟ್ಟ್ಯಾರ. ಪಗಾರದಾಗ ತಿಂಗಳಾ ತಿಂಗಳಾ ಹಿಡಕೊಂಡು ಉಳಿದದ್ದು ಕೈಗೆ ಕೊಡ್ತಿದ್ರು, ಜುಲೈದಾಗ ಫಾರಂ 16 ಹಿಡ್ಕೊಂಡು ರಿಟರ್ನ್ ತುಂಬಿದ್ರ ಆತು. ಹಂಗಾಗಿ ಅವರ ತಲಿಯಾಗ ಟಿಡಿಎಸ್ (ರೊಕ್ಕ ಕೊಡೋರು ಮೊದಲ ಹಿಡ್ಕೊಂಡು ಸರ್ಕಾರಕ್ಕ ಕಟ್ಟೋದು) ಅಂದ್ರನ ಟ್ಯಾಕ್ಸ್. ಬ್ಯಾಂಕಿನವ್ರು ಎಫ್‌ಡಿ ಬಡ್ಡಿ ಮ್ಯಾಲ 10 ಪರ್ಸೆಂಟ್ ಹಿಡದಾರ, ಅಂದ್ರ ಬಡ್ಡಿ ಟ್ಯಾಕ್ಸ್ ಮುಗೀತು. ಪ್ಲಾಟ್ ತಗೊಂಡವ್ರು ಒಂದ್ ರೂಪಾಯಿನೂ ಹಿಡದಿಲ್ಲ, ಅಂದ್ರ ಪ್ಲಾಟಿಗೆ ಟ್ಯಾಕ್ಸ್ ಇಲ್ಲ. ಕೇಳಾಕ ಸರಿನ ಅನಸ್ತದ ನೋಡ್ರಿ. ಎರಡೂ ತಪ್ಪು. 10 ಪರ್ಸೆಂಟ್ ಅನ್ನೋದು ಹಿಡಿಯೋ ದರ ಅಷ್ಟ, ಅವರು ಯಾವ ಸ್ಲ್ಯಾಬಿನ್ಯಾಗ ಅದಾರ ಅಂತ ಬ್ಯಾಂಕಿಗೆ ಗೊತ್ತಿರೂದಿಲ್ಲ, ಗೊತ್ತು ಮಾಡ್ಕೊಳ್ಳೋ ಕೆಲಸನೂ ಅದರದಲ್ಲ. ಮತ್ತ 50 ಲಕ್ಷದ ಮಾತು, ಅದು ಆಸ್ತಿ ತಗೊಳ್ಳೋರು 1 ಪರ್ಸೆಂಟ್ ಟಿಡಿಎಸ್ ಹಿಡೀಬೇಕೋ ಬ್ಯಾಡೋ ಅನ್ನೋ ಮಿತಿ. ಮಾರಿದವರ ಲಾಭಕ್ಕೂ ಅದಕ್ಕೂ ಸಂಬಂಧ ಇಲ್ಲ. ವಾಕಿಂಗ್ ಮಂದಿ ಅರ್ಧ ಕೇಳಿಸ್ಕೊಂಡು ಪೂರಾ ಹೇಳತಾರ, ಏನ್ ಮಾಡೂದು.

ಇದರ ಮ್ಯಾಲ, ವಿಆರ್‌ಎಸ್ ತಗೊಂಡ ವರ್ಷ ಅವರಿಗೆ ರೀಫಂಡ್ ಬ್ಯಾರೆ ಬಂದಿತ್ತು. ಅಲ್ಲಿಗೆ ನಂಬಿಕಿ ಗಟ್ಟಿ ಆತು.

ಮರುದಿನ ಆಫೀಸ್ ಮುಗಿಸ್ಕೊಂಡು ಸಿಂಹಗಡ ರೋಡಿಗೆ ಹೋದೆ (ಆ ಫ್ಲೈಓವರ್ ಕೆಲಸದಾಗ ಸಿಕ್ಕೊಂಡು ನಾಕು ಕಿಲೋಮೀಟರಿಗೆ ಐವತ್ತು ನಿಮಿಷ, ಇರ್ಲಿ). ಮಾಮಿ ಚಹಾ ಕೊಟ್ರು, ಮಾಮಾ ಡೈರಿ ತಗದ್ರು, ನಾ ಮೊದಲ ಪ್ಲಾಟ್ ಬಿಟ್ಟು ಉಳಿದ ಲೆಕ್ಕ ಹಾಕಿದೆ. ಎಫ್‌ಡಿ ಬಡ್ಡಿ ವರ್ಷಕ್ಕ 5,80,000. ಸ್ಕೀಮಿಂದು 2,46,000. ಬಾಡಿಗಿ ಎರಡೂ ಕೂಡಿ 8,64,000, ಅದರಾಗ ಕಾರ್ಪೊರೇಷನ್ ಟ್ಯಾಕ್ಸ್ ಕಟ್ಟಿದ್ದು 44,000 ಕಳದು, ಉಳಿದ 8,20,000ದಾಗ 30 ಪರ್ಸೆಂಟ್ ರಿಪೇರಿ ಗಿಪೇರಿಗಂತ ಕಾಯ್ದೆನ ಬಿಡ್ತದ, ಅಲ್ಲಿಗೆ 5,74,000. ಒಟ್ಟು 14,00,000 ಸರಿಯಾಗಿ. ಇಷ್ಟು ರೌಂಡ್ ಬಂದದ್ದು ನೋಡಿ ಮಾಮಾ ನನ್ನ ಮ್ಯಾಲ ಸಂಶಯಪಟ್ಟು ತಾವ ಇನ್ನೊಮ್ಮೆ ಕೂಡಿಸಿದ್ರು.

ನ್ಯೂ ರೆಜೀಮ್ (ಹೊಸಾ ಟ್ಯಾಕ್ಸ್ ಪದ್ಧತಿ) ಒಳಗ, 2024ರ ಜುಲೈ 23ರ ಬಜೆಟ್ಟಿನ್ಯಾಗ ಬದಲಾದ ಸ್ಲ್ಯಾಬ್ ಹಿಡದ್ರ, 14 ಲಕ್ಷಕ್ಕ ಟ್ಯಾಕ್ಸ್ 1,20,000, 4 ಪರ್ಸೆಂಟ್ ಸೆಸ್ ಸೇರಿ 1,24,800. ಟಿಡಿಎಸ್ 82,600 ಹೋಗ್ತದ. ಉಳಿದದ್ದು 42,200. ಟಿಡಿಎಸ್ ಕಳದ ಮ್ಯಾಲ 10,000 ಅಥವಾ ಅದಕ್ಕ ಜಾಸ್ತಿ ಉಳದ್ರ ಅಡ್ವಾನ್ಸ್ ಟ್ಯಾಕ್ಸ್, ಅಂದ್ರ ವರ್ಷದ ನಡುವನ ಕಂತಿನಂಗ ಟ್ಯಾಕ್ಸ್, ಕಟ್ಟಬೇಕು ಅಂತ ಆವಾಗಿದ್ದ 1961ರ ಇನ್‌ಕಮ್ ಟ್ಯಾಕ್ಸ್ ಕಾಯ್ದೆದ 208ನೇ ಸೆಕ್ಷನ್. ಅಂದ್ರ ಪ್ಲಾಟ್ ಮಾರದ ಇದ್ರೂ ಮಾಮಾ ಕಟ್ಟಬೇಕಿತ್ತು. ಜೂನ್ 15ಕ್ಕ ಒಂದು ಕಂತು, ಸೆಪ್ಟೆಂಬರ್ 15ಕ್ಕ ಇನ್ನೊಂದು, ಎರಡೂ ಹೋಗಿ ಆಗಿತ್ತು. ಸೆಪ್ಟೆಂಬರಿಂದಂತೂ ಗಣಪತಿ ಹಬ್ಬದಾಗ ಬಿದ್ದಿತ್ತು, ಪುಣೆಯಾಗ ಆ ಹತ್ತು ದಿನ ಯಾರು ಚಲನ್ ಪಲನ್ ನೆನಸ್ತಾರ ಹೇಳ್ರಿ.

"ಜೂನ್‌ದಾಗ ಇಡೀ ವರ್ಷದ ಆದಾಯ ನನಗ ಹ್ಯಾಂಗ ಗೊತ್ತಾಗಬೇಕೋ?" ಅಂದ್ರು ಮಾಮಾ, ಸ್ವಲ್ಪ ಸಿಟ್ಟಿಲೇನ.

ಭಾಳ ಮಂದಿ ತೊಡಕೊಳ್ಳೋದು ಇಲ್ಲೇ, ಅದಕ್ಕ ಇದನ್ನ ಸ್ವಲ್ಪ ಬಿಡಿಸಿ ಹೇಳತೀನಿ. ಅಡ್ವಾನ್ಸ್ ಟ್ಯಾಕ್ಸ್ ಅಂದ್ರ ಹಿಂದಿನ ಮೂರ್ ತಿಂಗಳ ಗಳಿಕಿ ಮ್ಯಾಲಿನ ಟ್ಯಾಕ್ಸ್ ಅಲ್ಲ. ಪ್ರತೀ ಸಲ ಇಡೀ ವರ್ಷದ ಅಂದಾಜು ಮಾಡಬೇಕು, ಎಪ್ರಿಲ್‌ನಿಂದ ಮಾರ್ಚ್ ತನಕ, ಆ ಅಂದಾಜಿನ ಟ್ಯಾಕ್ಸಿನ್ಯಾಗ ಟಿಡಿಎಸ್ ಕಳೀಬೇಕು, ಉಳಿದದ್ದರಾಗ ಜೂನ್ 15ಕ್ಕ 15 ಪರ್ಸೆಂಟ್, ಸೆಪ್ಟೆಂಬರ್ 15ಕ್ಕ ಒಟ್ಟು 45 ಆಗಬೇಕು, ಡಿಸೆಂಬರ್ 15ಕ್ಕ 75, ಮಾರ್ಚ್ 15ಕ್ಕ ನೂರಕ್ಕ ನೂರು. 45 ಅಂದ್ರ ಹೊಸದಾಗಿ 45 ಅಲ್ಲ, ಜೂನಿನ 15 ಹಿಡದು 45. ಅಂದಾಜು ತಪ್ಪಿದ್ರ ಮುಂದಿನ ಕಂತಿನ್ಯಾಗ ಸರಿ ಮಾಡ್ಕೋಬೇಕು, ಯಾರಿಗೂ ಅರ್ಜಿ ಕೊಡೋದು ಬ್ಯಾಡ, ಯಾಕ ಬದಲಾತು ಅಂತ ಯಾರೂ ಕೇಳಂಗಿಲ್ಲ. ಸರ್ಕಾರಕ್ಕೂ ಗೊತ್ತದ ಜೂನ್‌ದಾಗ ಯಾರಿಗೂ ಖಾತ್ರಿ ಇರೂದಿಲ್ಲ ಅಂತ, ಅದಕ್ಕನ ಜೂನ್‌ದಾಗ 12 ಪರ್ಸೆಂಟ್, ಸೆಪ್ಟೆಂಬರ್‌ದಾಗ 36 ಮುಟ್ಟಿದ್ರೂ ಬಡ್ಡಿ ಹಾಕಂಗಿಲ್ಲ. ಆ ವರ್ಷನ ನೋಡ್ರಿ, ಮಾಮಾ ಜೂನ್‌ದಾಗ ಕುಂತು ಲೆಕ್ಕ ಹಾಕಿದ್ರ ಹಳೇ ಸ್ಲ್ಯಾಬಿನ್ಯಾಗ ಉಳಿಕಿ 52,600 ಬರ್ತಿತ್ತು, ಜುಲೈ ಬಜೆಟ್ ಆದ ಮ್ಯಾಲ ಅದ 42,200ಕ್ಕ ಇಳೀತು. ಬಜೆಟ್ಟ ನಡುವ ಬಂದು ಲೆಕ್ಕ ಬದಲಿ ಮಾಡೂ ದೇಶದಾಗ ನಮ್ಮ ಅಂದಾಜು ಸ್ವಲ್ಪ ಅತ್ತಿತ್ತ ಆದ್ರ ಏನ್ ದೊಡ್ಡದು.

ಇಷ್ಟಾದ ಮ್ಯಾಲ ಪ್ಲಾಟಿಗೆ ಬಂದ್ವಿ. 2013ರ ದಸರೆ ಮುಂದ ಖರ್ಚು ವೆಚ್ಚ ಎಲ್ಲಾ ಹಿಡದು 9 ಲಕ್ಷಕ್ಕ ತಗೊಂಡದ್ದು, 2024ರ ನವೆಂಬರ್ 8ಕ್ಕ ಧಾರವಾಡ ಸಬ್ ರಿಜಿಸ್ಟ್ರಾರ್ ಆಫೀಸಿನ್ಯಾಗ 41 ಲಕ್ಷಕ್ಕ ನೋಂದಣಿ ಆತು. ಜುಲೈ 23ರ ಮೊದಲ ತಗೊಂಡ ಜಾಗಾ ಆಮ್ಯಾಲ ಮಾರಿದ್ರ, ಇಲ್ಲೇ ವಾಸ ಇರೋ ನಮ್ಮಂಥವರು ಎರಡೂ ದಾರಿಲೆ ಲೆಕ್ಕ ಹಾಕಿ ಕಡಿಮಿ ಇದ್ದದ್ದು ಕಟ್ಟಬಹುದು. ಒಂದು, ಇಂಡೆಕ್ಸೇಶನ್ (ತುಟ್ಟಿ ಆದಷ್ಟು ಖರೀದಿ ಬೆಲಿ ಏರಿಸೋದು) ಇಲ್ಲದ 12.5 ಪರ್ಸೆಂಟ್, ಲಾಭ 32 ಲಕ್ಷ, ಟ್ಯಾಕ್ಸ್ 4,00,000. ಇನ್ನೊಂದು, ಹಳೇ ಪದ್ಧತಿ, 9 ಲಕ್ಷವನ್ನ ಸರ್ಕಾರದ ಬೆಲಿ ಸೂಚ್ಯಂಕದಂಗ 220ರಿಂದ 363ಕ್ಕ ಏರಿಸಿದ್ರ 14,85,000 ಆಗ್ತದ, ಲಾಭ 26,15,000, ಅದಕ್ಕ 20 ಪರ್ಸೆಂಟ್ ಅಂದ್ರ 5,23,000. ಮೊದಲಿಂದ ಅಗ್ಗ. ಸೆಸ್ ಸೇರಿ 4,16,000.

ಮಾಮಾ ಸುಮ್ಮನಾದ್ರು. ಮಾಮಿ ಅಡಗಿಮನಿ ಬಾಗಿಲದಾಗ ನಿಂತು ಕೇಳಲಿಕತ್ತಿದ್ರು, ಅವರೂ ಸುಮ್ಮನಾದ್ರು. ಯಾಕಂದ್ರ 41 ಲಕ್ಷದಾಗ 35 ಲಕ್ಷ ಆಗಲೇ ಎಫ್‌ಡಿಗೆ ಹಾಕಿ ಆಗಿತ್ತು, ಮುಂದಿನ ವರ್ಷ ಮಗಳ ಮದುವಿ ಅಂತ, ಉಳಿದ 6 ಲಕ್ಷ ಅಡಗಿಮನಿ ಹೊಸದಾಗಿ ಮಾಡಸಾಕ ಇಟ್ಟದ್ದು. ಮಾಮಿ ಕಲರ್ ಸುದ್ದಾ ಆರಿಸಿದ್ರು.

ಉಳಸೂ ದಾರಿ ಏನರೆ ಅದ ಏನು ಅಂತ ನೋಡಿದ್ವಿ. ಮನಿ ತಗೊಂಡ್ರ ಸಿಗೋ 54ಎಫ್ ಸೆಕ್ಷನ್ನಿನ ವಿನಾಯಿತಿ ಇವರಿಗೆ ನಡಿಯಂಗಿಲ್ಲ, ಮೊದಲ ಮೂರು ಮನಿ ಅದಾವ. ಲಾಭದ ದುಡ್ಡು ಹಾಕಿದ್ರ ಟ್ಯಾಕ್ಸ್ ಉಳಸೋ 54ಇಸಿ ಬಾಂಡ್ ಇದ್ದವು, ಆರು ತಿಂಗಳ ಒಳಗ ಹಾಕಬೇಕು, ಆದ್ರ ಐದು ವರ್ಷ ದುಡ್ಡು ಮುಟ್ಟಾಕ ಬರಂಗಿಲ್ಲ. "ಮಗಳ ಮದುವಿ ಐದು ವರ್ಷ ಮುಂದ ಹಾಕಾಕ ಬರ್ತದೇನು?" ಅಂದ್ರು ಮಾಮಿ. ಅಲ್ಲಿಗೆ ಆ ಚರ್ಚಾ ಮುಗೀತು.

ಮುಚ್ಚಿಡೋ ಮಾತು ಮಾಮಾ ಆಡಲಿಲ್ಲ, ಅವರ ಸ್ವಭಾವನೂ ಅಲ್ಲ, ಆದ್ರ ಇಂಥಾ ಹೊತ್ತಿನ್ಯಾಗ ಬ್ಯಾರೆಯವರು ಕೇಳತಾರ ಅಂತ ಹೇಳತೀನಿ. 30 ಲಕ್ಷಕ್ಕ ಮುಟ್ಟಿದ ಆಸ್ತಿ ವ್ಯವಹಾರದ ಮಾಹಿತಿ ಸಬ್ ರಿಜಿಸ್ಟ್ರಾರ್ ಆಫೀಸಿಂದ ಇನ್‌ಕಮ್ ಟ್ಯಾಕ್ಸ್ ಇಲಾಖೆಗೆ ಹೋಗೇ ಹೋಗ್ತದ. ಆಮ್ಯಾಲ ಎಐಎಸ್ (ಇಲಾಖೆ ಹತ್ರ ಇರೋ ನಿಮ್ಮ ವರ್ಷದ ವ್ಯವಹಾರಗಳ ಪಟ್ಟಿ) ತಗದು ನೋಡಿದ್ರ ನಿಮ್ಮ ಪ್ಯಾನ್ ಕೆಳಗ ಕುಂತಿರ್ತದ.

ಈಗ ಒಟ್ಟು: 1,24,800ಕ್ಕ 4,16,000 ಕೂಡಿಸಿ 5,40,800, ಟಿಡಿಎಸ್ 82,600 ಕಳದು 4,58,200. ಅದರ 75 ಪರ್ಸೆಂಟ್ 3,43,650, ನಾಕ್ ದಿನದಾಗ. ಸಮಾಧಾನದ ಮಾತು ಒಂದ ಇತ್ತು. ಕ್ಯಾಪಿಟಲ್ ಗೇನ್ (ಆಸ್ತಿ ಮಾರಿದ ಲಾಭ) ಯಾವಾಗ ಬರ್ತದ ಅಂತ ಮೊದಲ ಹೇಳಾಕ ಬರಂಗಿಲ್ಲ ಅಂತ ಕಾಯ್ದೆ ಒಪ್ಪತದ, ಲಾಭ ಬಂದ ಮ್ಯಾಲ ಉಳಿದ ಕಂತುಗಳಾಗ ಅದರ ಟ್ಯಾಕ್ಸ್ ಪೂರಾ ಕಟ್ಟಿದ್ರ ಹಿಂದಿನ ಕಂತು ತಪ್ಪಿಸಿದ್ದಕ್ಕ ಬಡ್ಡಿ ಇಲ್ಲ. ನವೆಂಬರ್‌ದಾಗ ಮಾರಿದ್ದಕ್ಕ ಜೂನ್‌ದಾಗ ಯಾಕ ಕಟ್ಟಲಿಲ್ಲ ಅಂತ ಕೇಳೋ ಅಷ್ಟು ಮೂರ್ಖತನ ಕಾಯ್ದೆದಾಗ ಇಲ್ಲ.

3,45,000 ಕಟ್ರಿ ಅಂತ ಬರದು ಕೊಟ್ಟು ಬಂದೆ. ನಾನ ಕಟ್ಟಿ ಬರಬೇಕಿತ್ತು. ಶುಕ್ರವಾರ ರಾತ್ರಿ ಮಾಮಾ ತಾವ ಲ್ಯಾಪ್‌ಟಾಪ್ ಮುಂದ ಕುಂತು ಪೋರ್ಟಲಿನ್ಯಾಗ ಇ-ಪೇ ಟ್ಯಾಕ್ಸ್ ತಗದು ನೆಟ್ ಬ್ಯಾಂಕಿಂಗ್‌ದಾಗ ಕಟ್ಟಿದ್ರು, ರವಿವಾರ ಮಧ್ಯಾಹ್ನ ಹೆಮ್ಮೆಯಿಂದ ರಸೀದಿ ವಾಟ್ಸ್ಯಾಪ್ ಮಾಡಿದ್ರು. ತಗದು ನೋಡ್ತೀನಿ, ಅಡ್ವಾನ್ಸ್ ಟ್ಯಾಕ್ಸಿನ ಕೋಡ್ 100 ಅನ್ನೋದು ಸರಿ ಅದ, ರೊಕ್ಕ ಸರಿ ಅದ, ಅಸೆಸ್‌ಮೆಂಟ್ ಇಯರ್ ಮಾತ್ರ 2024-25. ಆಗಬೇಕಾದ್ದು 2025-26. "ಈಗ ನಡದದ್ದು 2024-25ನ ಅಲ್ಲೇನೋ, ಡಿಸೆಂಬರ್ 2024 ಅಲ್ಲ?" ಅಂತ ಮಾಮಾ ನನಗ ಕೇಳಿದ್ರು. ಕೇಳಿದ್ದು ತಪ್ಪಲ್ಲ. ಗಳಿಸಿದ ವರ್ಷ ಒಂದು, ಲೆಕ್ಕ ನೋಡೋ ವರ್ಷ ಇನ್ನೊಂದು, ಒಂದ ದುಡ್ಡಿಗೆ ಎರಡು ವರ್ಷದ ಹೆಸರು, ಓದಿದವರ ತಲೀನೂ ತಿರಗ್ತದ. 2026ರ ಎಪ್ರಿಲ್ 1ರಿಂದ ಹೊಸಾ ಇನ್‌ಕಮ್ ಟ್ಯಾಕ್ಸ್ ಕಾಯ್ದೆದಾಗ ಇದನ್ನ ತಗದು ಟ್ಯಾಕ್ಸ್ ಇಯರ್ ಅಂತ ಒಂದ ಮಾಡ್ಯಾರ. ಇಷ್ಟ ಒಂದು ಕೆಲಸಕ್ಕ ಆ ಕಾಯ್ದೆ ಮಾಡಿದವರಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ.

ಎರಡ ದಿನದಾಗ ಗೊತ್ತಾದದ್ದು ಪುಣ್ಯ. ಪೋರ್ಟಲಿನ್ಯಾಗ ಚಲನ್ ಕರೆಕ್ಷನ್ ಅಂತ ಅದ, ಅಲ್ಲೇ ವಿನಂತಿ ಹಾಕಿ ವರ್ಷ ಬದಲಿಸಿದ್ವಿ, ದುಡ್ಡು ಕಟ್ಟಿದ ತಾರೀಖು ಹಂಗ ಉಳೀತು. ತಡ ಆಗಿದ್ರ ಅಸೆಸಿಂಗ್ ಆಫೀಸರ್ ಹತ್ರ ಅರ್ಜಿ ಹಿಡ್ಕೊಂಡು ಹೋಗಬೇಕಿತ್ತು. ನನ್ನ ಅನುಭವದಾಗ ಅಡ್ವಾನ್ಸ್ ಟ್ಯಾಕ್ಸಿನ ತಪ್ಪುಗಳಾಗ ಲೆಕ್ಕದ್ದು ಕಡಿಮಿ, ಈ ಒಂದು ಡ್ರಾಪ್‌ಡೌನಿಂದನ ಜಾಸ್ತಿ. ಕಟ್ಟಿದ ದಿನನ ರಸೀದಿ ಮತ್ತೊಬ್ಬರಿಗೆ ತೋರಸ್ರಿ, ಮನಿಯಾಗ ಹತ್ತನೇತ್ತಾದ ಹುಡುಗ ಇದ್ರೂ ಸಾಕು, ವರ್ಷ ಓದು ಅನ್ರಿ.

ಮಾರ್ಚ್ 2025. ಕಡೀ ಕಂತು 15ಕ್ಕ, ಶನಿವಾರ, ಹಿಂದಿನ ದಿನ ಧೂಳಿವಂದನ. ನಾ ಈ ಸಲ ಹಬ್ಬದ ಮೊದಲ ಹೋದೆ. ಮತ್ತ ಅಂದಾಜು ಮಾಡಿದ್ವಿ, ಮತ್ತ ಅಂಕಿ ಬದಲಾಗಿದ್ವು. ಬಾಣೇರ್ ಫ್ಲಾಟಿನ ಬಾಡಿಗಿಯವರು ಡಿಸೆಂಬರ್ ಕಡೀಗೆ ಬಿಟ್ಟು ಹೋಗಿದ್ರು, ಎರಡು ತಿಂಗಳು ಖಾಲಿ, ಬಾಡಿಗಿ 68,000 ಕಡಿಮಿ, 30 ಪರ್ಸೆಂಟ್ ಕಳದ್ರ ಆದಾಯ 47,600 ಇಳೀತು. ಇನ್ನೊಂದ್ ಕಡೆ, ಪ್ಲಾಟಿನ 35 ಲಕ್ಷ ಎಫ್‌ಡಿ ಹಾಕಿದ್ವಲ್ಲ, ಅದರ ಬಡ್ಡಿ ಮಾರ್ಚ್ 31ರ ತನಕ ಸುಮಾರು 90,000 ಆಗ್ತದ, ಕೈಗೆ ಬರಲಿ ಬಿಡಲಿ ಬ್ಯಾಂಕು ಲೆಕ್ಕಕ್ಕ ಹಚ್ಚಿ 9,000 ಟಿಡಿಎಸ್ ಹಿಡೀತದ. ಮಾರಿದ ದುಡ್ಡು ತಾನೂ ಮರಿ ಹಾಕತದ ಅನ್ನೋದನ್ನ ಡಿಸೆಂಬರ್‌ದಾಗ ಮಾಮಾನೂ ಮರತಿದ್ರು, ನಾನೂ ಮರತಿದ್ದೆ. ಎರಡೂ ಕೂಡಿ ಕಳದ್ರ ಕಟ್ಟಬೇಕಾದ ಟ್ಯಾಕ್ಸ್ 4,58,019. ಡಿಸೆಂಬರ್‌ದಾಗ 4,58,200 ಇತ್ತು! ಇಷ್ಟು ಗುದ್ದಾಡಿ 181 ರೂಪಾಯಿ ವ್ಯತ್ಯಾಸ. ಮಾಮಾ ನಕ್ಕರು, "ಇದಕ್ಕ ನೀ ಆಫೀಸಿಗೆ ರಜಾ ಹಾಕಿ ಬಂದೀ?" ಅಂತ. 1,14,000 ಕಟ್ಟಿದ್ವಿ, ವರ್ಷ ನಾನ ಆರಿಸಿದೆ.

ರಿಟರ್ನ್ ತುಂಬಿದ್ದು 2025ರ ಸೆಪ್ಟೆಂಬರ್ ಮೊದಲ ವಾರದಾಗ. ಆ ವರ್ಷ ಜುಲೈ 31 ಇದ್ದ ಕಡೀ ತಾರೀಖು ಸೆಪ್ಟೆಂಬರ್ 15ಕ್ಕ ಹೋಗಿತ್ತು, ಕಡೀಗೆ ಇನ್ನೊಂದು ದಿನ ಮುಂದ ಹಾಕಿದ್ರು. ಕಂತು ತಪ್ಪಿದ್ದಕ್ಕ ಹಾಕೋ 234ಸಿ ಬಡ್ಡಿ ಬಂದದ್ದು ಎಷ್ಟು ಅಂದ್ರ, ಪ್ಲಾಟಿನ ಟ್ಯಾಕ್ಸ್ ಬಿಟ್ಟು ಉಳಿದ 42,019ರ ಮ್ಯಾಲ, ಜೂನ್ ಕಂತಿಗೆ 6,300ಕ್ಕ ತಿಂಗಳಿಗೆ 1 ಪರ್ಸೆಂಟಿನಂಗ ಮೂರ್ ತಿಂಗಳು, 189. ಸೆಪ್ಟೆಂಬರಿಗೆ 18,900ರ ಮ್ಯಾಲ 567. ಒಟ್ಟು 756 ರೂಪಾಯಿ. ವರ್ಷದ ಒಳಗ ಕಡಿಮಿ ಕಟ್ಟಿದ್ದಕ್ಕ ಹಾಕೋ 234ಬಿ ಬಡ್ಡಿ ಸೊನ್ನೆ, ಮಾರ್ಚ್ 31ರ ಒಳಗ 90 ಪರ್ಸೆಂಟ್ ದಾಟಿತ್ತಲ್ಲ. ಕಟ್ಟಿದ್ದರಾಗ ಎಲ್ಲಾ ಕಳದು 230 ರೂಪಾಯಿ ರೀಫಂಡ್ ಸುದ್ದಾ ಬಂತು, ಮಾಮಾ ಅದನ್ನ ಡೈರಿಯಾಗ ಬರಕೊಂಡ್ರು.

ಆ ಮಂಗಳವಾರ ರಾತ್ರಿ ಫೋನ್ ಬರದ ಇದ್ದಿದ್ರ? ಮಾಮಾ ಕುತೂಹಲಕ್ಕ ಕೇಳಿದ್ರು, ನಾನೂ ಹಾಕಿ ತೋರಿಸಿದೆ. ಡಿಸೆಂಬರ್ ಕಂತು ತಪ್ಪಿದ್ದಕ್ಕ 10,305, ಮಾರ್ಚ್ ತಪ್ಪಿದ್ದಕ್ಕ 4,580, ಆಮ್ಯಾಲ 234ಬಿ ಎಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಆರ್ ತಿಂಗಳಿಂದು 27,480. ಸೆಪ್ಟೆಂಬರ್ ಇನ್ನೂ ನಾಕ್ ದಿನ ಆಗಿದ್ರೂ ಪೂರಾ ತಿಂಗಳು ಹಿಡೀತಾರ. ಮೊದಲಿನ 756 ಹಿಡದು ಕಮ್ಮೀತ ಕಮ್ಮಿ 43,121. ಇಲ್ಲೊಂದು ಮಜಾ ಅಂದ್ರ, ರಿಟರ್ನಿನ ತಾರೀಖು ಮುಂದ ಹೋತು ಅಂತ ಆ ವರ್ಷ ಎಲ್ಲಾರೂ ಖುಷಿಪಟ್ರು, ನಮ್ಮ ಆಫೀಸಿಗೆ ಬಂದ ಎಷ್ಟೋ ಮಂದಿ "ಟೈಮ್ ಅದಲ್ಲ" ಅಂತ ಆರಾಮ ಇದ್ರು, ಆದ್ರ ತಾರೀಖು ಮುಂದ ಹೋದದ್ದು ರಿಟರ್ನಿಂದು, ಬಡ್ಡಿ ಏನ್ ನಿಂತಿರಲಿಲ್ಲ.

ಅಡಗಿಮನಿ ಕೆಲಸ ಮಾತ್ರ ಅರ್ಧಕ್ಕ ನಿಂತದ, ಕಟ್ಟಾ ಆಗ್ಯಾವ, ಮ್ಯಾಲಿನ ಕಪಾಟು ಇಲ್ಲ. ಮಾಮಿ ನನಗ ಕೊಡೋ ಚಹಾದಾಗ ಸಕ್ಕರಿ ಸ್ವಲ್ಪ ಕಡಿಮಿ ಆಗ್ಯದ ಅನಸ್ತದ.

ಇನ್ನ ಕಡೀ ಸಂಗತಿ. ಆ ದಿನ ರಿಟರ್ನ್ ತುಂಬಿ ಮುಗಿಸೋ ಹೊತ್ತಿಗೆ ಮಾಮಾ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ತೋರಿಸಿದ್ರು. ಜೂನ್ 15ಕ್ಕ ಕೆಂಪು ಪೆನ್ನಿಲೆ ಸುತ್ತು ಹಾಕಿ ಅದರ ಮ್ಯಾಲ ರೈಟ್ ಮಾರ್ಕ್. ಸೆಪ್ಟೆಂಬರ್ 15ಕ್ಕ ಸುತ್ತು, ಡಿಸೆಂಬರಿಗೂ ಸುತ್ತು. "ಈ ವರ್ಷದ ಮೊದಲ ಕಂತು ನಾನ ಲೆಕ್ಕ ಹಾಕಿ ಕಟ್ಟೀನಿ, 4,200, ವರ್ಷನೂ ಸರಿ ಆರಿಸೀನಿ, ನೋಡು ಬೇಕಾರ." ನೋಡಿದೆ, ಎಲ್ಲಾ ಸರಿ ಇತ್ತು, ಹೊಸಾ ಸ್ಲ್ಯಾಬ್ ಹಿಡದು, ಟಿಡಿಎಸ್ ಕಳದು, 15 ಪರ್ಸೆಂಟ್ ತಗದು, ನನಗಿಂತ ಚೊಕ್ಕ. ಅಷ್ಟೊತ್ತಿಗೆ ನನ್ನ ಕಣ್ಣು ರಿಟರ್ನಿನ ಮೊದಲ ಪುಟದಾಗ ಹುಟ್ಟಿದ ತಾರೀಖಿನ ಮ್ಯಾಲ ಹೋತು. 1966, ಮಾರ್ಚ್ 20.

60 ತುಂಬಿದವರಿಗೆ, ಬಿಸಿನೆಸ್ಸು ಅಥವಾ ಪ್ರೊಫೆಶನ್ನಿನ ಆದಾಯ ಇಲ್ಲದಿದ್ರ, ಅಡ್ವಾನ್ಸ್ ಟ್ಯಾಕ್ಸ್ ಇಲ್ಲ. ರಿಟರ್ನ್ ತುಂಬೋ ಮೊದಲ ಉಳಿದದ್ದು ಒಮ್ಮೆಲೆ ಕಟ್ಟಿದ್ರ ಆತು. ಮತ್ತ 60 ಅನ್ನೋದು ವರ್ಷದ ಒಳಗ ಯಾವಾಗ ತುಂಬಿದ್ರೂ ನಡೀತದ. 2026ರ ಮಾರ್ಚ್ 20ಕ್ಕ ತುಂಬಿದ್ರ ಇಡೀ 2025-26ಕ್ಕ ವಿನಾಯಿತಿ, ಹೋದ ಜೂನಿಗೂ ಸೇರಿ. ಮುಖ ಚಿಕ್ಕದ ಮಾಡ್ಕೊಂಡು ಹೇಳಿದೆ.

ಮಾಮಾ ಕ್ಯಾಲೆಂಡರ್ ನೋಡಿದ್ರು, ನನ್ನ ನೋಡಿದ್ರು. "ಮಾರ್ಚ್ 15ಕ್ಕ ನನಗ ಇನ್ನೂ 59 ಅಲ್ಲೇನೋ?"

"ಹೌದ್ರಿ ಮಾಮಾ, ಆದ್ರ ಕಾಯ್ದೆ ಇಡೀ ವರ್ಷ ನೋಡ್ತದ."

"ಐದ್ ದಿನ ಕಮ್ಮಿ ಬೀಳತಾವ. ನಾ ಸೆಪ್ಟೆಂಬರಿಂದು ಕಟ್ಟಾಂವನ" ಅಂದ್ರು, ಪೆನ್ ಟೋಪಿ ಹಾಕಿ ಕಿಸೇದಾಗ ಇಟ್ಕೊಂಡ್ರು. ಬ್ಯಾಡ ಅಂದ್ರ ಕೇಳಲಿಲ್ಲ. 15ನೇ ತಾರೀಖು ರಾತ್ರಿ ಒಂಬತ್ತಕ್ಕ ರಸೀದಿ ಬಂತು, ವಾಟ್ಸ್ಯಾಪಿಗೆ.